ಚೆಕ್ಕುಬಂದಿ

ಗಾದಿಲಿಂಗನ ಫೋನು ಮನೆಯೊಳಗೆ ನಡೆಯುತ್ತಿದೆ,
ನಾನು ಸೂರತ್ತಿನ ಮೂರನೇ ಮಹಡಿಯಲ್ಲಿ ಕೂತು
ಅದರ ಹಿಂದೆ ನಡೆಯುತ್ತಿದ್ದೇನೆ.
ಗೋಡೆ. ಗೂಡು. ಗೂಡಿನೊಳಗೆ ದೀಪದ ಮಸಿ.
ಕ್ಯಾಲೆಂಡರ್ ತೂಗಿದ್ದಲ್ಲಿ ಬಿಳಿ ಚೌಕ.
ಚಿತ್ರ ನಿಂತುಹೋಗುತ್ತದೆ, ದನಿ ಮಾತ್ರ ಬರುತ್ತದೆ:
"ಅಕ್ಕಾ, ನಡುಮನ್ಯಾಗೆ ಒಂದು ಗುಂಡಿ ಐತಲ್ಲ, ಯಾಕಿದು?"

ಮೊಳಕಾಲ್ಮೂರಿನಲ್ಲಿ ಹುಟ್ಟಿದವನೇ ಕೇಳುತ್ತಾನೆ.
ವಯಸ್ಸು ಇಪ್ಪತ್ತಾರು, ಈ ವರ್ಷ ನಾಲ್ಕು ಸೈಟು ಕೊಡಿಸಿದ್ದಾನೆ.
ಮಗ್ಗದ ಕುಣಿ ಕಣಪ್ಪಾ, ಅಂದೆ.
"ಓ" ಅಂದ. "ಓಬಳೇಶಣ್ಣ ಮುಚ್ಚಿಸಬೇಕಾಗ್ತೈತೆ,
ಒಂದು ಟ್ರ್ಯಾಕ್ಟರ್ ಮಣ್ಣು, ಎರಡಾಳು,
ರೇಟಿನಾಗೆ ಹಿಡೀತಾನಂತೆ."
ಅಷ್ಟು ಹಿಡಿಸೋದಿಲ್ಲ ಅದಕ್ಕೆ, ಅರ್ಧ ಸಾಕು, ಅಂದೆ.
"ಅರ್ಧ ಟ್ರ್ಯಾಕ್ಟರ್ ಯಾರು ತರ್ತಾರಕ್ಕಾ?"

ಕ್ರಯಪತ್ರದ ಕರಡು ವಾಟ್ಸಾಪಿಗೆ ಬಂತು.
ಪೂರ್ವಕ್ಕೆ ಕಾಟಮ್ಮನ ಗೋಡೆ,
ಪಶ್ಚಿಮಕ್ಕೆ ಓಣಿ,
ಉತ್ತರಕ್ಕೆ ಪಟ್ಟಣ ಪಂಚಾಯ್ತಿ ಚರಂಡಿ,
ದಕ್ಷಿಣಕ್ಕೆ ನಾವೇ ಹಿಂದೆ ಮಾರಿದ ಹಿತ್ತಿಲು, ಈಗ ಹಿಟ್ಟಿನ ಗಿರಣಿ.
ಕೆಳಕ್ಕೆ ಏನು ಎಂದು ಬರೆಯಲು ಜಾಗವಿಲ್ಲ.
ಕೊನೆಯ ಪುಟದಲ್ಲಿ ಮಾತ್ರ ಆ ಹಳೇ ಸಾಲು:
ಜಲ ತರು ಪಾಷಾಣ ನಿಧಿ ನಿಕ್ಷೇಪ ಸಹಿತವಾಗಿ
ಮಾರಿರುತ್ತೇನೆ.

ನಿಕ್ಷೇಪವೆಂದರೆ, ಬರೆದುಕೊಳ್ಳಲಿ:
ಸಣ್ಣವಳೆಂದು ನನ್ನನ್ನೇ ಅಪ್ಪನ ಕಾಲ ಸಂದಿಗೆ ಇಳಿಸುತ್ತಿದ್ದರು,
ಬಿದ್ದದ್ದನ್ನು ಹೆಕ್ಕಲು.
ಲಾಳಿ ಬಿಟ್ಟ ಕಂಡಿಕೆ, ಜರಿಯ ಎಳೆ,
ಬೀಡಿಯ ಮೋಟು, ಒಮ್ಮೆ ಮರಿಚೇಳು.
ಅಪ್ಪನ ಮುಖಕ್ಕಿಂತ ಕಾಲು ನನಗೆ ಚೆನ್ನಾಗಿ ಗೊತ್ತು.
ಮುಖ ಅಲ್ಲಿ ಮೇಲೆ, ಯಾರದೋ ಸೆರಗಿನ ಮೇಲೆ ಬಾಗಿ;
ಇಲ್ಲಿ ಎಡಗಾಲ ಹೆಬ್ಬೆರಳು ಹಲಗೆಯ ಹಗ್ಗವನ್ನು
ಗಿಣಿ ಕೊಂಬೆ ಹಿಡಿದಂತೆ ಹಿಡಿದಿರುತ್ತಿತ್ತು.
ಮಜೂರಿ ಮುರಿದುಕೊಂಡ ವಾರ ತುಳಿತ ಜೋರು.
ಬಾಯಿ ಏನೂ ಅನ್ನುತ್ತಿರಲಿಲ್ಲ.

ಆಮೇಲೆ ಅಣ್ಣ ಇಳಿದ.
ನಾನು ಕಂಡಿಕೆ ಸುತ್ತಿದೆ, ಹನ್ನೊಂದು ವರ್ಷ.
ಅಣ್ಣ ಹೋದ ಮೇಲೆ ಅತ್ತಿಗೆ ಹಕ್ಕುಬಿಡುಗಡೆಗೆ ಸಹಿ ಹಾಕಿ
ಮಗ್ಗ ಬಿಚ್ಚಿಕೊಂಡು ರಾಯದುರ್ಗದ ಟೆಂಪೋ ಹತ್ತಿದಳು.
ಮಗ್ಗ ಹೊರಬಹುದು.
ಕುಣಿ ಯಾರು ಹೊರುತ್ತಾರೆ? ಅದು ನನ್ನ ಪಾಲಿಗೆ ಬಂತು.

ಇಲ್ಲಿ ದಿನಕ್ಕೆ ಮುನ್ನೂರು ಸೀರೆ ಮಡಿಚುತ್ತೇನೆ,
ಒಂದರ ಹಿಂದೆಯೂ ಕಾಲಿಲ್ಲ.
ಇಲ್ಲಿ ನೆಲ ಅಗೆದರೆ
ಎರಡನೇ ಮಹಡಿಯವರ ಒಲೆ ಸಿಗುತ್ತದೆ.
ಮುಖ್ತ್ಯಾರ ಪತ್ರಕ್ಕೆ ರುಜು ಹಾಕುವಾಗ
ನೋಟರಿ ಕನ್ನಡಕ ಏರಿಸಿ ಕೇಳಿದ, ಇದು ತೆಲುಗೇ?
ಹೂಂ ಅಂದುಬಿಟ್ಟೆ. ಕ್ಯೂ ಉದ್ದವಿತ್ತು.

ಗಾದಿಲಿಂಗಾ, ಮಣ್ಣು ಹಾಕುವ ಮೊದಲು
ಫೋನು ಒಂದ್ಸಲ ಕುಣಿಯೊಳಗೆ ಇಳಿಸು, ಅಂದೆ.
ಟಾರ್ಚ್ ಹಾಕಿ ಇಳಿಸಿದ.
ಉದುರಿದ ಸುಣ್ಣ, ಗುಟ್ಕಾ ಚೀಟಿ ಎರಡು,
ಹಿಮ್ಮಡಿ ತಾಗಿ ತಾಗಿ ನುಣುಪಾದ ಒಂದು ಕಲ್ಲು.
"ಏನಾದ್ರೂ ಬಿಟ್ಟಿದ್ರೇನಕ್ಕಾ?"
ಇಲ್ಲ. ಮಣ್ಣು ಎಲ್ಲಿಯದು?
"ಮಣ್ಣಿಗೂ ಊರು ಕೇಳ್ತೀಯಲ್ಲಕ್ಕಾ!" ನಕ್ಕ.
ಉತ್ತರ ಹೇಳಲಿಲ್ಲ.

ದುಡ್ಡು ಬಂತು. ಖೋಲಿಯ ಡಿಪಾಸಿಟ್ಟಿಗೆ ಅರ್ಧ,
ಪಿತ್ತಕೋಶದ ಆಪರೇಷನ್ನಿಗೆ ಉಳಿದದ್ದು.

ಮಳೆ ಮುಗಿದ ಮೇಲೆ ಓಬಳೇಶನೇ ಫೋನು ಮಾಡಿದ,
ಜಗಳಕ್ಕಲ್ಲ, ಸುಮ್ಮನೆ ಹೇಳಲು:
"ನಡುಮನೆ ಟೈಲ್ಸು ಒಂದಿಂಚು ಕುಂತೈತಕ್ಕಾ."
ಎಷ್ಟಗಲ?
"ಒಬ್ಬರು ಕೂರೋವಷ್ಟು."
ಗಿರಣಿಯ ಸದ್ದು ಆ ಕಡೆಯಿಂದ ಕೇಳುತ್ತಿತ್ತು.
ಮಣ್ಣಿಗೆ ನೀರು ಬಿಟ್ಟು ಚೆನ್ನಾಗಿ ತುಳಿಸಬೇಕಿತ್ತು, ಅಂದೆ.
"ಹೌದಕ್ಕಾ," ಅಂದ, "ತುಳಿಯೋರು ಸಿಗಲಿಲ್ಲ."